ಮೌನ ಮತ್ತು ನಿರಾಕರಣೆ: ವರ್ಚುವಲ್ ಮಷೀನ್ ಪ್ರವೇಶವನ್ನು ಕುರಿತ ಸಂವಾದ

ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ವರ್ಚುವಲ್ ಮಷೀನ್, ಅಂದರೆ ದೂರದ ದತ್ತಾಂಶ ಕೇಂದ್ರದ ಭೌತಿಕ ಗಣಕವೊಂದರೊಳಗೆ ತಂತ್ರಾಂಶದಿಂದಲೇ ರಚಿತವಾದ ಗಣಕ, ತನ್ನ ಒಡೆಯನನ್ನೇ ಒಳಗೆ ಬಿಡದಿದ್ದಾಗ ಅದರ ಕಾರಣವನ್ನು ಯಾವ ಪ್ರಮಾಣದಿಂದ ತಿಳಿಯಬೇಕೆಂಬುದು ಇಲ್ಲಿಯ ಚರ್ಚೆ. ಉದಾಹರಣೆಗೆ ಆಯ್ದುಕೊಂಡದ್ದು ಅಮೆಜಾನ್‌ನ ಇಸಿ2 ಸೇವೆಯಲ್ಲಿರುವ ಉಬುಂಟು ಯಂತ್ರ. ಅದರ ಪ್ರವೇಶಮಾರ್ಗ ಎಸ್‌ಎಸ್‌ಎಚ್. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳ ಕಳವು ನಡೆದ ಬಳಿಕ ತಾತು ಯ್ಲೋನೆನ್ 1995ರಲ್ಲಿ ರೂಪಿಸಿದ, ಮಾತುಕತೆಯನ್ನೆಲ್ಲ ಗೂಢಲಿಪಿಯಲ್ಲಿ ಸಾಗಿಸುವ ವ್ಯವಸ್ಥೆ ಅದು.

ಪೂರ್ವಪಕ್ಷಿ: ಪ್ರವೇಶ ಸಿಗಲಿಲ್ಲವೆಂಬುದು ಒಂದೇ ಅನುಭವ. ಕೀಲಿಯನ್ನು, ಅಂದರೆ ಗುರುತನ್ನು ಸಾಬೀತುಪಡಿಸುವ ಗೂಢ ಕಡತವನ್ನು ಬದಲಿಸುವುದು, ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡುವುದು, ಹೀಗೆ ಒಂದೊಂದನ್ನೇ ಮಾಡುತ್ತ ಹೋದರೆ ಯಾವುದಾದರೂ ಫಲಿಸದೆ ಇರದು.

ಸಿದ್ಧಾಂತಿ: ಅನುಭವ ಒಂದಲ್ಲ. ‘ಕನೆಕ್ಷನ್ ಟೈಮ್ಡ್ ಔಟ್’ ಎಂದರೆ ಆಚೆಯಿಂದ ಉತ್ತರವೇ ಬರಲಿಲ್ಲವೆಂದು ಅರ್ಥ. ‘ಕನೆಕ್ಷನ್ ರಿಫ್ಯೂಸ್ಡ್’ ಎಂಬುದು ಉತ್ತರವೇ. ಸಾಮಾನ್ಯವಾಗಿ ಯಂತ್ರ ಸಿಕ್ಕಿತು, ಆದರೆ ಎಸ್‌ಎಸ್‌ಎಚ್‌ಗೆ ಮೀಸಲಾದ 22ನೆಯ ಪೋರ್ಟ್‌ನಲ್ಲಿ ಕಿವಿಗೊಟ್ಟು ಕುಳಿತ ಸೇವೆ ಇಲ್ಲವೆಂದು ಅದು ತಿಳಿಸುತ್ತದೆ. ‘ಪರ್ಮಿಷನ್ ಡಿನೈಡ್’ ಬಂದರೆ ಜಾಲ, ಫೈರ್‌ವಾಲ್, ಸೇವೆ ಇವೆಲ್ಲ ಸರಿಯಿವೆಯೆಂದು ಸಿದ್ಧವಾಗಿ, ಸಂಶಯ ಗುರುತಿನ ಮೇಲೆ ಮಾತ್ರ ಉಳಿಯುತ್ತದೆ.

ಪೂರ್ವಪಕ್ಷಿ: ಉತ್ತರವೇ ಬಾರದಿದ್ದರೆ ಯಂತ್ರ ನಿಂತಿದೆಯೆಂದು ತೀರ್ಮಾನಿಸಬಹುದಷ್ಟೆ?

ಸಿದ್ಧಾಂತಿ: ಅಭಾವವನ್ನು ತಿಳಿಸುವ ಪ್ರಮಾಣವನ್ನು ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂದು ಕರೆದರು, ಆದರೆ ಇದ್ದಿದ್ದರೆ ಖಂಡಿತ ಕಾಣುತ್ತಿತ್ತೆಂಬ ಯೋಗ್ಯತೆ ಇದ್ದಾಗ ಮಾತ್ರ ಅದಕ್ಕೆ ಬೆಲೆ. ಕತ್ತಲಲ್ಲಿ ಗಡಿಗೆ ಕಾಣಲಿಲ್ಲವೆಂಬುದರಿಂದ ಗಡಿಗೆಯಿಲ್ಲವೆಂದು ಸಿದ್ಧವಾಗದು. ಯಂತ್ರದ ಸುತ್ತ ಕ್ಲೌಡ್ ಇರಿಸುವ ಸೆಕ್ಯುರಿಟಿ ಗ್ರೂಪ್ ಎಂಬ ನಿಯಮಾವಳಿಯು ಒಪ್ಪಿಗೆಯಿಲ್ಲದ ಸಂದೇಶವನ್ನು ಉತ್ತರ ಕೊಡದೆ ಕೈಬಿಡುವುದರಿಂದ, ಹೊರಗಿನವನಿಗೆ ಸತ್ತ ಯಂತ್ರವೂ ಮುಚ್ಚಿದ ಯಂತ್ರವೂ ಒಂದೇ ತೆರನಾಗಿ ತೋರುತ್ತವೆ. ಆದ್ದರಿಂದ ಮೊದಲು ನೋಡಬೇಕಾದದ್ದು ಯಂತ್ರ ನಡೆಯುತ್ತಿದೆಯೇ, ಬಳಕೆದಾರನ ಇಂದಿನ ಐಪಿ ವಿಳಾಸಕ್ಕೆ 22ನೆಯ ಪೋರ್ಟ್ ತೆರೆದಿದೆಯೇ ಎಂಬುದನ್ನು. ಮನೆಯ ಇಂಟರ್ನೆಟ್ ಸಂಪರ್ಕದ ವಿಳಾಸ ಬದಲಾಗುತ್ತಿರುವುದರಿಂದ ನಿನ್ನೆಯ ನಿಯಮ ಇಂದು ಹೊಂದದೆ ಹೋಗಬಹುದು. ಯಂತ್ರವನ್ನು ನಿಲ್ಲಿಸಿ ಚಾಲೂ ಮಾಡಿದರಂತೂ, ಸ್ಥಿರ ವಿಳಾಸ ಪಡೆದಿರದ ಪಕ್ಷದಲ್ಲಿ, ಯಂತ್ರದ ಸಾರ್ವಜನಿಕ ವಿಳಾಸವೇ ಬದಲಾಗಿ, ಹಳೆಯ ದೋಷದ ಮೇಲೆ ಹೊಸದೊಂದು ಸೇರುತ್ತದೆ.

ಪೂರ್ವಪಕ್ಷಿ: ಗುರುತನ್ನು ತಿರಸ್ಕರಿಸುವಾಗಲಾದರೂ ಯಂತ್ರಕ್ಕೆ ಕಾರಣ ಗೊತ್ತಿರುತ್ತದೆ. ಅದನ್ನು ಬಚ್ಚಿಡುವುದು ಒಡೆಯನಿಗೆ ಬಗೆವ ಅನ್ಯಾಯವಲ್ಲವೇ?

ಸಿದ್ಧಾಂತಿ: ಒಡೆಯನು ಯಾರೆಂಬುದೇ ಆ ಗಳಿಗೆಯಲ್ಲಿ ಇತ್ಯರ್ಥವಾಗಬೇಕಾದ ಪ್ರಶ್ನೆ. ಇಂಥ ಹೆಸರಿನ ಬಳಕೆದಾರ ಇಲ್ಲವೆಂದು ಯಂತ್ರ ಬಾಯಿಬಿಟ್ಟರೆ, ಇರುವ ಹೆಸರುಗಳನ್ನು ಕನ್ನಗಾರನು ಸುಲಭವಾಗಿ ಪಟ್ಟಿ ಮಾಡಿಕೊಳ್ಳುತ್ತಾನೆ. ಹಾಗಾಗಿ ಹೆಸರು ತಪ್ಪಿದರೂ (ಅಮೆಜಾನ್ ಲಿನಕ್ಸ್‌ನ ‘ಇಸಿ2-ಯೂಸರ್’ ಉಬುಂಟುವಿನಲ್ಲಿ ನಡೆಯದು, ಅಲ್ಲಿ ಅದು ‘ಉಬುಂಟು’) ಕೀಲಿ ತಪ್ಪಿದರೂ ಮಾತು ಒಂದೇ. ಇದಕ್ಕಿಂತ ಚಿಂತನಾರ್ಹವಾದ ಪ್ರಸಂಗ ಇನ್ನೊಂದಿದೆ: ಹೆಸರೂ ಕೀಲಿಯೂ ಸರಿಯಿದ್ದು ಪ್ರವೇಶ ಸಿಗದಿರುವುದು. ಒಪ್ಪಿತ ಕೀಲಿಗಳನ್ನು ಬರೆದಿಡುವ ‘ಆಥರೈಜ್ಡ್ ಕೀಸ್’ ಕಡತವನ್ನಾಗಲಿ, ಅದನ್ನು ಹೊತ್ತ ಮನೆಕೋಶವನ್ನಾಗಲಿ (ಬಳಕೆದಾರನ ಹೋಮ್ ಡೈರೆಕ್ಟರಿ) ಇತರರೂ ತಿದ್ದುವಂತಿದ್ದರೆ, ಎಸ್‌ಎಸ್‌ಎಚ್ ಸೇವೆ ಆ ಕಡತವನ್ನು ನಂಬುವುದೇ ಇಲ್ಲ. ಯಾರು ಬೇಕಾದರೂ ತಿದ್ದಬಲ್ಲ ಸಾಕ್ಷಿ ಸಾಕ್ಷಿಯಲ್ಲವೆಂಬುದು ಅದರ ನಿಲುವು, ಅದು ಯುಕ್ತವಾದ ನಿಲುವು. ತೊಡಕೇ ಬೇಡವೆಂದು ಎಲ್ಲ ಕಡತಗಳಿಗೂ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟವನು ಹೊರಗುಳಿಯುವುದು ಹೀಗೆ. ನಿಜವಾದ ಕಾರಣವನ್ನು ಯಂತ್ರ ತನ್ನ ಲಾಗ್ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ.

ಪೂರ್ವಪಕ್ಷಿ: ಒಳಹೋಗಲು ಕಾರಣ ತಿಳಿಯಬೇಕು, ಕಾರಣ ತಿಳಿಯಲು ಒಳಹೋಗಬೇಕು. ಇದು ಅನ್ಯೋನ್ಯಾಶ್ರಯ ದೋಷ.

ಸಿದ್ಧಾಂತಿ: ಎರಡನೆಯ ದಾರಿ ಇರುವುದರಿಂದ ಆ ದೋಷ ತಟ್ಟದು. ಯಂತ್ರವನ್ನು ನಿಲ್ಲಿಸಿ, ಅದರ ಮೂಲ ಡಿಸ್ಕನ್ನು ಕಳಚಿ, ಇನ್ನೊಂದು ಯಂತ್ರಕ್ಕೆ ಎರಡನೆಯ ಡಿಸ್ಕಾಗಿ ಜೋಡಿಸಿದರೆ ಲಾಗನ್ನು ಓದಬಹುದು, ಅನುಮತಿಗಳನ್ನು ತಿದ್ದಬಹುದು, ಬಳಿಕ ಡಿಸ್ಕನ್ನು ಮೊದಲಿನ ಜಾಗಕ್ಕೆ ಮರಳಿಸಬಹುದು.

ಪೂರ್ವಪಕ್ಷಿ: ಹಾಗಾದರೆ ಯಂತ್ರದ ನಿರಾಕರಣೆಗೆ ಅರ್ಥವೇನು ಉಳಿಯಿತು?

ಸಿದ್ಧಾಂತಿ: ಅಧಿಕಾರಗಳು ಎರಡು. ಯಂತ್ರದ ಬಳಕೆದಾರನ ಅಧಿಕಾರ ಕೀಲಿಯಿಂದ ಬರುತ್ತದೆ, ಡಿಸ್ಕನ್ನು ಕಳಚುವ ಅಧಿಕಾರ ಕ್ಲೌಡ್ ಖಾತೆಯಿಂದ ಬರುತ್ತದೆ. ಮೊದಲನೆಯದು ಎರಡನೆಯದನ್ನು ತಡೆಯಲಾರದು. ಕೀಲಿಯನ್ನು ಜೋಪಾನ ಮಾಡಿ ಖಾತೆಯನ್ನು ಬರಿಯ ಪಾಸ್‌ವರ್ಡ್‌ಗೆ ಒಪ್ಪಿಸಿದವನು ಕಾಯುತ್ತಿರುವುದು ಚಿಕ್ಕ ಬಾಗಿಲನ್ನು.

ಪೂರ್ವಪಕ್ಷಿ: ಡಿಸ್ಕನ್ನು ಕಳಚುವ ಮುನ್ನ ನೋಡಿಕೊಳ್ಳಬೇಕಾದದ್ದೇನಾದರೂ ಇದೆಯೇ?

ಸಿದ್ಧಾಂತಿ: ಡಿಸ್ಕಿನ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಪೂರ್ಣ ಪ್ರತಿಯೊಂದನ್ನು ತೆಗೆದಿಡಬೇಕು. ಭೌತಿಕ ಗಣಕಕ್ಕೇ ಅಂಟಿದ ತಾತ್ಕಾಲಿಕ ಸಂಗ್ರಹದಲ್ಲಿ ದತ್ತಾಂಶವಿದ್ದರೆ ಯಂತ್ರವನ್ನು ನಿಲ್ಲಿಸಲೇಬಾರದು, ಏಕೆಂದರೆ ನಿಲ್ಲಿಸಿದೊಡನೆ ಅದು ಅಳಿಯುತ್ತದೆ. ಆಗ ಉಳಿಯುವ ದಾರಿ ಸೀರಿಯಲ್ ಕನ್ಸೋಲ್, ಯಂತ್ರದ ಜಾಲಸಂಪರ್ಕವನ್ನು ಬಳಸದೆ ಅದರೊಡನೆ ಮಾತಾಡುವ ನೇರ ಕೊಂಡಿ. ಅದರ ಮೂಲಕ ಒಳಹೋಗಲು ಯಂತ್ರದಲ್ಲಿ ಪಾಸ್‌ವರ್ಡ್ ಇರುವ ಬಳಕೆದಾರನೊಬ್ಬನು ಮೊದಲೇ ಇರಬೇಕು, ಆದುದರಿಂದ ಆ ಸಿದ್ಧತೆ ಯಂತ್ರ ಇನ್ನೂ ಒಳಗೆ ಬಿಡುತ್ತಿರುವಾಗಲೇ ಆಗಬೇಕಾದದ್ದು.