ನರೆಯ ಲೆಕ್ಕ ಯಾರ ಖಾತೆಗೆ?

‘ಮಾಡಿದ್ದುಣ್ಣೋ ಮಹರಾಯ’ ಎಂಬುದರಲ್ಲಿ ನಮ್ಮ ವೈನಿಯ ಕರ್ಮಸಿದ್ಧಾಂತವೆಲ್ಲ ಮುಗಿಯುತ್ತದೆ. ನನ್ನ ತಲೆ ಬೇಗ ಬೆಳ್ಳಗಾದದ್ದಕ್ಕೂ ಅವರದು ಅದೇ ತೀರ್ಪು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವನು ನಾನು. ಕೂದಲಿನ ಮಟ್ಟಿಗಾದರೂ ಈ ತೀರ್ಪು ಒಪ್ಪಲಾರೆ.

ಕೂದಲಿನ ಬುಡದ ಗೂಡಿನಲ್ಲಿ ಎರಡು ಬಗೆಯ ಕಾಂಡಕೋಶಗಳು ಮಗ್ಗುಲಲ್ಲೇ ಇರುತ್ತವೆ. ಒಂದು ಕೂದಲು ಬೆಳೆಸುವುದು, ಚರ್ಮದ ವಂಶದ್ದು. ಇನ್ನೊಂದು ಬಣ್ಣ ಕೊಡುವುದು. ಭ್ರೂಣದಲ್ಲಿ ಬೆನ್ನುಹುರಿ ಮೂಡುವ ಕಡೆಯಿಂದ ವಲಸೆ ಬಂದದ್ದು. 2011ರಲ್ಲಿ ಜಪಾನಿನ ಎಮಿ ನಿಶಿಮುರಾ ಅವರ ತಂಡ ಇಲಿಗಳಲ್ಲಿ ಒಂದು ಸಂಗತಿ ಕಂಡಿತು. ಕಾಲಜನ್ 17 ಎಂಬ ಪ್ರೋಟೀನನ್ನು ಕೂದಲಿನ ಕಾಂಡಕೋಶ ತಯಾರಿಸುತ್ತದೆ, ಬಣ್ಣದ್ದು ತಯಾರಿಸುವುದಿಲ್ಲ. ಅದಿಲ್ಲದ ಇಲಿಗಳು ಮೊದಲು ನರೆತವು, ಆಮೇಲೆ ಕೂದಲೂ ಉದುರಿತು. ಚರ್ಮದ ವಂಶದ ಕೋಶಗಳಿಗಷ್ಟೇ ಅದನ್ನು ಮರಳಿ ಕೊಟ್ಟಾಗ, ಯಾರೂ ಮುಟ್ಟದ ಬಣ್ಣದ ಕೋಶಗಳೂ ಉಳಿದುಕೊಂಡವು!

ನೆರೆಯ ಕೋಶ ಮಾಡುವ ಉಪಕಾರವೇನು? ತಡೆಯುವುದು. ಟಿಜಿಎಫ್-ಬೀಟಾ ಎಂಬ ಸಂಕೇತ ಕಳಿಸಿ ಬಣ್ಣದ ಕಾಂಡಕೋಶವನ್ನು ಸುಮ್ಮನಿರಿಸುತ್ತದೆ. ಆ ತಡೆ ತಪ್ಪಿದರೆ ಅದು ಹೊತ್ತಿಗೆ ಮೊದಲೇ ಬಲಿತು, ಗೂಡಿನಲ್ಲೇ ಬಣ್ಣ ಮಾಡಿ ಮುಗಿದುಹೋಗುತ್ತದೆ.

ಬಾಗೇವಾಡಿಯ ಬಸವಣ್ಣನವರು ನರೆ ಬರುವ ಮೊದಲೇ ಪೂಜೆ ಮಾಡೆಂದು ಅವಸರಪಡಿಸಿದರು. ಒಳ್ಳೆಯವರ ಸಂಗ ಹಿಡಿಯೆಂದೂ ಹೇಳಿದರು. ಸಂಗವೆಂದರೆ ಹುರುಪು ತುಂಬುವವರು ಎಂದಷ್ಟೇ ನಾವು ಎಣಿಸುತ್ತೇವೆ. ‘ಈಗ ಬ್ಯಾಡ, ತಡಿ’ ಎನ್ನುವವರನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ.

ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡಿದ್ದನ್ನು ಕೂಡಿಸಿ ನಮ್ಮೂರು ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು. ಅದರ ಪುಣ್ಯ ಮಧುರಚೆನ್ನರದೋ, ಸಿಂಪಿ ಲಿಂಗಣ್ಣನವರದೋ, ಹೆಸರಿಲ್ಲದ ಆ ಅವ್ವಂದಿರದೋ? ಹಲಸಂಗಿಯಲ್ಲಿ ಯಾರೂ ಅದನ್ನು ಒಬ್ಬರ ಹೆಸರಿಗೆ ಬರೆಯುವುದಿಲ್ಲ. ಪಾಪ ಮಾತ್ರ ಒಬ್ಬೊಬ್ಬರ ಹೆಸರಿಗೇ ಬೀಳುತ್ತದೆ.

ಹಾಗೆಂದು ಎಲ್ಲವನ್ನೂ ಮಗ್ಗುಲಿನವರ ಮೇಲೆ ಹೊರಿಸಲೂ ಬರುವುದಿಲ್ಲ. ಒತ್ತಡಕ್ಕೆ ಸಿಕ್ಕ ಇಲಿಯಲ್ಲಿ ನರದ ತುದಿಯಿಂದ ಹೊರಬೀಳುವ ನಾರ್‌ಅಡ್ರಿನಲಿನ್ ನೇರವಾಗಿ ಬಣ್ಣದ ಕಾಂಡಕೋಶಕ್ಕೇ ತಾಗಿ ಅದನ್ನು ಬರಿದು ಮಾಡುತ್ತದೆ, ಅಲ್ಲಿ ಕೂದಲಿನ ಕೋಶದ ಪಾತ್ರವಿಲ್ಲ ಎಂದು 2020ರಲ್ಲಿ ಹಾರ್ವರ್ಡಿನವರು ತೋರಿಸಿದರು.

ಇದನ್ನೆಲ್ಲ ಕೇಳಿ ವೈನಿ ಅಂದರು: ‘ಆ ಇಲಿಗೆ ಒತ್ತಡ ಕೊಟ್ಟಾರಲ್ಲ, ಆ ಕರ್ಮ ಯಾರ ಖಾತೇಕ ಬರೀತಿ?’

ಕೊಟ್ಟವರದಕ್ಕೇ, ಎಂದೆ. ಅಷ್ಟರ ಮಟ್ಟಿಗೆ ಅವರ ಲೆಕ್ಕ ಸರಿ.