ಜ್ವರ ಬಿಟ್ಟ ಮೇಲೆ



ಸೀಮೋನ ಪೇತ್ರನ ಅತ್ತೆಯ ಪ್ರಸಂಗ ನಿಮಗೆಲ್ಲ ಗೊತ್ತು. ಜ್ವರದಿಂದ ಮಲಗಿದ್ದ ಆಕೆಯನ್ನು ಯೇಸುಸ್ವಾಮಿ ಕೈಹಿಡಿದು ಎಬ್ಬಿಸಿದರು, ಜ್ವರ ಬಿಟ್ಟಿತು, ಆಕೆ ಎದ್ದು ಬಂದವರನ್ನು ಉಪಚರಿಸಿದಳು. ಗುಣವಾದ ಕೂಡಲೇ ಸೇವೆಗೆ ನಿಂತವಳು ಎಂದು ನಾನು ಎಷ್ಟೋ ಸಲ ಪ್ರಸಂಗದಲ್ಲಿ ಆಕೆಯನ್ನು ಹೊಗಳಿದ್ದೇನೆ. ಈಗ ಹಾಗೆ ಹೇಳುವ ಮುನ್ನ ಸ್ವಲ್ಪ ತಡೆಯುತ್ತೇನೆ.

ಕಾರಣ, ಕಾರವಾರದ ಕಡಲ ಬದಿಯ ಒಂದು ಮನೆ. 2021ರಲ್ಲಿ ಅಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಂದೇ ವಾರದಲ್ಲಿ ಕೋವಿಡ್ ಬಂತು. ಗಂಡನಿಗೆ ಜೋರಾಗಿ ಆಕ್ಸಿಜನ್ ಕೊಡಬೇಕಾಯಿತು. ಹೆಂಡತಿ ಮನೆಯಲ್ಲೇ ಮಾತ್ರೆ ನುಂಗಿ ಎದ್ದಳು. ನಾಲ್ಕು ತಿಂಗಳ ನಂತರ ನಾನು ಮನೆ ಭೇಟಿಗೆ ಹೋದಾಗ ಗಂಡ ದೋಣಿಗೆ ಹೋಗತೊಡಗಿದ್ದ. ಮೀನಿನ ಬುಟ್ಟಿ ಹೊತ್ತು ಪೇಟೆ ಸುತ್ತುತ್ತಿದ್ದ ಹೆಂಡತಿ ಮಾತ್ರ ಎರಡು ಕೊಡ ನೀರು ಸೇದಿದರೆ ಕುಳಿತುಬಿಡುತ್ತಿದ್ದಳು. "ರಿಪೋರ್ಟ್ ನೆಗೆಟಿವ್ ಬಂದಾಗಿದೆ ಫಾದರ್, ಇದು ಬರೀ ಮೈಗಳ್ಳತನ" ಎಂದರು ಆಕೆಯ ಅತ್ತೆ. ಆಕೆ ತಲೆ ತಗ್ಗಿಸಿದಳು. ನಾನೂ "ಧೈರ್ಯ ತಂದುಕೋ ಬಾಯಿ, ಪ್ರಾರ್ಥನೆ ಮಾಡು" ಎಂದು ಹೇಳಿ ಬಂದೆ. ಏನಾಗುತ್ತಿದೆ ಎಂದು ಕೇಳಲಿಲ್ಲ. ಕೇಳದೆಯೇ ತೀರ್ಪು ಕೊಟ್ಟವರಲ್ಲಿ ನಾನೂ ಒಬ್ಬ.

ವೈದ್ಯಶಾಸ್ತ್ರ ಈಗ ಹೇಳುವುದು ಬೇರೆ. ಕೋವಿಡ್‌ನಿಂದ ಸತ್ತವರಲ್ಲಿ ಗಂಡಸರೇ ಹೆಚ್ಚು. ಬದುಕಿ ಉಳಿದು ಬಹುಕಾಲ ನರಳಿದವರಲ್ಲಿ ಹೆಂಗಸರು ಹೆಚ್ಚು. 22 ದೇಶಗಳ ಮಾಹಿತಿಯನ್ನು ಸೇರಿಸಿ 2022ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ, ರೋಗಲಕ್ಷಣ ಕಂಡ ಮೂರು ತಿಂಗಳ ಮೇಲೂ ಸುಸ್ತು, ಏದುಸಿರು ಅಥವಾ ಮರೆವಿನಿಂದ ಬಳಲಿದವರು ವಯಸ್ಕ ಹೆಂಗಸರಲ್ಲಿ ನೂರಕ್ಕೆ 10.6, ಗಂಡಸರಲ್ಲಿ 5.4. ಇದು ಕೋವಿಡ್ ಒಂದರ ಕಥೆಯಲ್ಲ. 2006ರಲ್ಲಿ ನಮ್ಮ ರಾಜ್ಯದಲ್ಲಿ ಲಕ್ಷಾಂತರ ಜನರನ್ನು ಮಲಗಿಸಿದ ಚಿಕುನ್‌ಗುನ್ಯಾ ನೆನಪಿದೆಯಲ್ಲವೇ? ಆಫ್ರಿಕದ ಮಕೊಂಡೆ ಭಾಷೆಯ ಆ ಹೆಸರಿಗೆ ಮೈ ಬಗ್ಗಿಸುವುದು ಎಂದು ಅರ್ಥ. ಆ ಜ್ವರ ಬಿಟ್ಟ ಮೇಲೂ ತಿಂಗಳು, ವರ್ಷಗಟ್ಟಲೆ ಉಳಿಯುವ ಕೀಲುನೋವು ಹೆಂಗಸರಲ್ಲೇ ಹೆಚ್ಚೆಂದು ಹಲವು ಅಧ್ಯಯನಗಳು ಕಂಡಿವೆ.

ಹಾಗಾದರೆ ಹೆಣ್ಣು ದುರ್ಬಲಳೇ? ಅಲ್ಲ. ರೋಗದೊಡನೆ ಹೋರಾಡುವ ಶಕ್ತಿಗೆ ಬೇಕಾದ ಹಲವು ಜೀನ್‌ಗಳು ಎಕ್ಸ್ ಎಂಬ ವರ್ಣತಂತುವಿನಲ್ಲಿವೆ. ಹೆಣ್ಣಿಗೆ ಅಂಥವು ಎರಡು, ಗಂಡಿಗೆ ಒಂದು. ಸ್ತ್ರೀ ಹಾರ್ಮೋನುಗಳೂ ಆ ಹೋರಾಟವನ್ನು ಚುರುಕುಗೊಳಿಸುತ್ತವೆ. ಆಕೆಯನ್ನು ಉಳಿಸಿದ ಆ ಶಕ್ತಿಯೇ, ವೈರಿ ಹೋದ ಮೇಲೂ ಕತ್ತಿ ಒರೆಗೆ ಹಾಕದ ಸೈನಿಕನಂತೆ, ಸ್ವಂತ ದೇಹವನ್ನೇ ಕಾಡುತ್ತದೆಂದು ಅನೇಕ ತಜ್ಞರು ಭಾವಿಸುತ್ತಾರೆ. ಇನ್ನೊಂದು ಕಾರಣ ಹುಡುಕಲು ಪ್ರಯೋಗಶಾಲೆ ಬೇಡ, ನಮ್ಮ ಅಡಿಗೆಮನೆಗಳು ಸಾಕು. ಗಂಡ ಹಾಸಿಗೆ ಬಿಡುವುದು ಗುಣವಾದಾಗ; ಹೆಂಡತಿ ಹಾಸಿಗೆ ಬಿಡುವುದು ಮಕ್ಕಳಿಗೆ ಹಸಿವಾದಾಗ. ಅಂಕೋಲೆಯ ಪೇಟೆಗೆ ತರಕಾರಿ ಬುಟ್ಟಿ ಹೊತ್ತು ಬರುವ ಹಾಲಕ್ಕಿ ಹೆಂಗಸರನ್ನೇ ನೋಡಿ. ಕೂತು ಸುಧಾರಿಸಿಕೊಂಡರೆ ಅಂದಿನ ಗಳಿಕೆ ಇಲ್ಲ.

ಇಲ್ಲಿ ನೈತಿಕ ಪ್ರಶ್ನೆ ಏಳುತ್ತದೆ. ಇಬ್ಬರಿಗೂ ಹದಿನೈದು ದಿನ ವಿಶ್ರಾಂತಿ ಕೊಟ್ಟೆವು, ಸಮಾನವಾಗಿ ಕಂಡೆವು ಎಂದರೆ ಸಾಕೇ? ನ್ಯಾಯವೆಂದರೆ ಅವರವರಿಗೆ ಸಲ್ಲತಕ್ಕದ್ದನ್ನು ಅವರವರಿಗೆ ಸಲ್ಲಿಸುವ ಸ್ಥಿರ ಸಂಕಲ್ಪ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ಸಲ್ಲತಕ್ಕದ್ದು ಬೇರೆ ಬೇರೆಯಾದಾಗ ಒಂದೇ ಅಳತೆ ನ್ಯಾಯವಾಗದು. ಆದರೆ ಅಂಕಿ ಅಂಶಗಳೂ ತೀರ್ಪಲ್ಲ. ನೂರರಲ್ಲಿ ಆ ಐದು ಗಂಡಸರೂ ಇದ್ದಾರೆ. ಗಂಡಸೆಂಬ ಅಭಿಮಾನಕ್ಕೆ ಬಾಯಿಬಿಡದೆ ಬಲೆ ಎಳೆಯುವವರು. ಆದ್ದರಿಂದ ಎದುರಿಗಿರುವ ವ್ಯಕ್ತಿಯನ್ನೇ ಕೇಳಬೇಕು.

ಕೇಳಿದರೂ ನಂಬುವುದು ಹೇಗೆ? ಮುರಿದ ಕಾಲು ಎಕ್ಸ್‌ರೇಯಲ್ಲಿ ಕಾಣುತ್ತದೆ, ಸುಸ್ತು ಕಾಣುವುದಿಲ್ಲ. ನೋವು ಅನುಭವಿಸುವವನಿಗೆ ನೇರವಾಗಿ ಗೊತ್ತು. ಉಳಿದವರಿಗೆ ಅವನ ಮಾತಿನ ಮೂಲಕ ಮಾತ್ರ. ಯಾರೋ ಒಬ್ಬರು ನೆಪ ಹೇಳಬಹುದು, ನಿಜ. ಆದರೆ ನೆಪ ಹೇಳಿದವಳನ್ನು ನಂಬಿದರೆ ನಮಗೆ ಹೋಗುವುದು ಎರಡು ದಿನದ ಕೆಲಸ. ನಿಜ ಹೇಳಿದವಳನ್ನು ನಂಬದಿದ್ದರೆ ಅವಳಿಗೆ ರೋಗದ ಮೇಲೆ ಅವಮಾನವನ್ನೂ ಹೊರಿಸಿದಂತೆ.

ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಹೆಂಗಸನ್ನು ಸಂತ ಮಾರ್ಕನ ಶುಭಸಂದೇಶದಲ್ಲಿ ಕಾಣುತ್ತೇವೆ. ಯಾಯೀರನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಗಲೂ, ಆ ಅವಸರದಲ್ಲೂ, ಯೇಸು ನಿಂತರು. ಆಕೆ ನಡೆದದ್ದನ್ನೆಲ್ಲ ಹೇಳಿದಳು, ಅವರು ಕೇಳಿದರು.

ನಾನು ಆ ಮನೆಗೆ ಮತ್ತೆ ಹೋದೆ. ಈ ಸಲ ಕೇಳಿದೆ, ಅರ್ಧ ಗಂಟೆ ಆಕೆ ಹೇಳಿದಳು. ವೈದ್ಯರಿಗೆ ತೋರಿಸಿದಾಗ ರಕ್ತಹೀನತೆಯೂ ಸಿಕ್ಕಿತು. ಸುಸ್ತೆಲ್ಲ ವೈರಸ್ಸಿನದೇ ಎಂದು ಸುಮ್ಮನಿರಬಾರದು ಎಂಬುದಕ್ಕೆ ಇದನ್ನು ಹೇಳಿದೆ. ಔಷಧಿಯಿಂದ ಸ್ವಲ್ಪ ಸುಧಾರಿಸಿತು. ಉಳಿದದ್ದು ಹೋಗಲು ವರ್ಷ ಹಿಡಿಯಿತು. ಅಷ್ಟೂ ದಿನ ನೀರು ಸೇದಿದ್ದು ಗಂಡ.

ಪೇತ್ರನ ಅತ್ತೆಯ ಪ್ರಸಂಗವನ್ನು ಇನ್ನೊಮ್ಮೆ ಓದಿ. ಮೊದಲು ಜ್ವರ ಪೂರ್ತಿ ಬಿಟ್ಟಿತು, ಆಮೇಲೆ ಸೇವೆ. ನಿಮ್ಮ ಮನೆಯಲ್ಲಿ ಜ್ವರದಿಂದ ಎದ್ದವರಿದ್ದರೆ, ಇಂದು ರಾತ್ರಿ ಊಟಕ್ಕೆ ಕುಳಿತಾಗ ಒಂದು ಮಾತು ಕೇಳಿ: "ನಿಜವಾಗಿ ಗುಣವಾಗಿದೆಯೇ?" ಉತ್ತರ ಮುಗಿಯುವವರೆಗೆ ಎದ್ದುಹೋಗಬೇಡಿ.