ನಿಧಾನದ ಲೆಕ್ಕ

ದೀಪಾವಳಿಗೆ ಬಂದ ಮಗ ಲ್ಯಾಪ್‌ಟಾಪ್ ಮುಂದೆ ಕೂತರೆ ಊಟಕ್ಕೆ ಮೂರು ಸಲ ಕರೆಯಬೇಕು. ಬೈಯಲೆಂದೇ ಹೋದವಳು ಒಂದು ದಿನ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತುಬಿಟ್ಟೆ. ಆಟದ ಹೆಸರು 'ಫ್ಯಾಕ್ಟೋರಿಯೊ'. ಪ್ರಾಗ್ ನಗರದ ಕಂಪನಿಯೊಂದು ಮಾಡಿದ್ದು. 2020ರಲ್ಲಿ ಪೂರ್ಣರೂಪದಲ್ಲಿ ಹೊರಬಂತು. ಗೊತ್ತಿಲ್ಲದ ಗ್ರಹದಲ್ಲಿ ಸಿಕ್ಕಿಕೊಂಡ ಒಬ್ಬ ಮನುಷ್ಯ ಅದಿರು ಅಗೆದು, ಕರಗಿಸಿ, ಕಾರ್ಖಾನೆ ಬೆಳೆಸುತ್ತ ಹೋಗಬೇಕು.

ಗಣಿತ ಕಲಿಸುವ ನನಗೆ ಹಿಡಿಸಿದ್ದು ಅದರೊಳಗಿನ ತ್ರೈರಾಶಿ. ಕಲ್ಲಿನ ಕುಲುಮೆಯಲ್ಲಿ ಕಬ್ಬಿಣದ ಒಂದು ತಗಡಿಗೆ 3.2 ಸೆಕೆಂಡು ಬೇಕು. ಹಳದಿ ಬೆಲ್ಟು ಸೆಕೆಂಡಿಗೆ 15 ತಗಡು ಸಾಗಿಸುತ್ತದೆ. ಬೆಲ್ಟು ತುಂಬಲು ಎಷ್ಟು ಕುಲುಮೆ? "48" ಎಂದೆ. ಮಗ ತಿರುಗಿ ನೋಡಿದ. (ಅಮ್ಮನಿಗೂ ಲೆಕ್ಕ ಬರುತ್ತದೆ ಎಂಬುದು ಮಕ್ಕಳಿಗೆ ಮರೆತೇ ಹೋಗಿರುತ್ತದೆ.)

ಆಮೇಲೆ ಕೆಂಪು ಸೀಸೆಯ ಸರದಿ. ಒಂದು ಗೇರು, ಒಂದು ತಾಮ್ರದ ತಗಡು ಸೇರಿದರೆ ಒಂದು ಸೀಸೆ. ಗೇರು ಮಾಡುವ ಯಂತ್ರಕ್ಕೆ ಒಂದು ಸೆಕೆಂಡು ಸಾಕು. ಅಂಥದೇ ಯಂತ್ರಕ್ಕೆ ಸೀಸೆ ಮಾಡಲು 10 ಸೆಕೆಂಡು.

"ಈ ಸೋಮಾರಿಯನ್ನು ಏನು ಮಾಡ್ತೀಯೋ?" ಎಂದೆ.

"ಸೋಮಾರಿಯಲ್ಲಮ್ಮ, ಆ ಕೆಲಸವೇ ಅಷ್ಟು ಹೊತ್ತು ಹಿಡಿಯತ್ತೆ. ಪಕ್ಕದಲ್ಲಿ ಇನ್ನೂ ಒಂಬತ್ತು ಇಟ್ಟರಾಯ್ತು."

ನಾನು ಸಾರು ಬಿಸಿಮಾಡುವ ನೆಪದಲ್ಲಿ ಎದ್ದುಹೋದೆ.

ಮೂರು ವರ್ಷದ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಲೆಕ್ಕ ತಪ್ಪುತ್ತಿರಲಿಲ್ಲ; ಮೂರು ಲೆಕ್ಕ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಬರಬೇಕೆಂಬ ಹಟ ನಮ್ಮ ಶಾಲೆಯದು. ನಾನೇ ಅವಳ ತಾಯಿಯನ್ನು ಕರೆಸಿ, ಇನ್ನೊಂದು ವರ್ಷ ಒಂಬತ್ತರಲ್ಲೇ ಇರಲಿ ಎಂದೆ. "ನೀವು ಹೇಳಿದ ಮೇಲೆ ಸರಿ, ಟೀಚರೇ" ಎಂದು ಆಕೆ ಹೋದಳು. ಶಾಲೆ ತೆರೆದಾಗ ಹುಡುಗಿ ಬರಲಿಲ್ಲ. ಮುಂದಿನ ವರ್ಷ ಫಲಿತಾಂಶ ನೂರಾಯಿತು, ಮೈಸೂರು ಪಾಕು ಹಂಚಿದೆವು.

54 ಮಕ್ಕಳು, ನಾನೊಬ್ಬಳು. ಪಕ್ಕದಲ್ಲಿ ಒಂಬತ್ತು ಟೀಚರನ್ನು ಇಡುವವರು ಯಾರು, ನೀವೇ ಹೇಳಿ. ಆದರೆ ಅವಳಿಗೆ ಬೇಕಿದ್ದದ್ದು ಒಂಬತ್ತು ಜನವಲ್ಲ, ಶನಿವಾರದ ಅರ್ಧ ಗಂಟೆ. ಅದು ನನ್ನ ಬಳಿ ಇತ್ತು. ಆಟದಲ್ಲಿ ಕಾರ್ಖಾನೆಯ ಹೊಗೆ ಎಲ್ಲಿಯವರೆಗೆ ಹರಡಿದೆ ಎಂಬುದೂ ನಕ್ಷೆಯ ಮೇಲೆ ಕೆಂಪಗೆ ಕಾಣುತ್ತದೆ. ಅದು ಗೂಡುಗಳನ್ನು ಮುಟ್ಟಿದರೆ ಅಲ್ಲಿಯ ಹುಳುಗಳು ಎದ್ದು ಬರುತ್ತವೆ. ನಮ್ಮ ಫಲಿತಾಂಶದ ಪಟ್ಟಿಯಲ್ಲಿ ಬಿಟ್ಟುಹೋದವಳಿಗೆ ಒಂದು ಕಾಲಂ ಕೂಡ ಇರಲಿಲ್ಲ. ಅವಳು ಜಗಳಕ್ಕೂ ಬರಲಿಲ್ಲ.

ಮೊನ್ನೆ ಬಟ್ಟೆ ಅಂಗಡಿಯಲ್ಲಿ ಕಂಡಳು. ಎರಡೂಕಾಲು ಮೀಟರಿನ ಬೆಲೆಯನ್ನು ಬಾಯಲ್ಲೇ, ನಿಧಾನವಾಗಿ, ಪೈಸೆ ತಪ್ಪದೆ ಹೇಳಿದಳು. "ಚೆನ್ನಾಗಿದೀರಾ, ಟೀಚರ್?" ಎಂದು ಕೇಳಿದಳು. ಹೂಂ ಎಂದು ಚಿಲ್ಲರೆ ತೆಗೆದುಕೊಂಡು ಬಂದುಬಿಟ್ಟೆ. ಮಗನಿಗೆ ಇದನ್ನು ಇನ್ನೂ ಹೇಳಿಲ್ಲ.